ಹದಿನಾರು ಪುಟದ ಲೆಕ್ಕ: ರಜೆಯ ಪುಸ್ತಕ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ಗದಗದ ಪ್ರೆಸ್ಸೊಂದರಲ್ಲಿ ಎಂಟು ವರ್ಷ ಬೈಂಡಿಂಗ್ ಮಾಡಿ ಬಿಟ್ಟವನು ನಾನು. ಕೈ ಮಾತ್ರ ಇನ್ನೂ ಬಿಟ್ಟಿಲ್ಲ. ಕಾಗದ ಕಂಡರೆ ಮಡಚಬೇಕು ಅನ್ನಿಸುತ್ತದೆ. ನಮ್ಮೂರು ಮಾಗಡಿ ಕೆರೆಯ ಆಚೆ ದಂಡೆಗಿದೆ. ಪಂಚಾಯ್ತಿ ಗ್ರಂಥಾಲಯದ ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಅಂತ ಬರೆದಿದೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹಾಗಾಗಿ ರಜೆಯಲ್ಲಿ ಹುಡುಗರು ಬರುತ್ತಾರೆ, ಫ್ಯಾನಿನ ಗಾಳಿಗಾದರೂ. ಇವರ ಕೈಯಲ್ಲೇ ಪುಸ್ತಕ ಬರೆಸಿ, ಚಿತ್ರ ತೆಗೆಸಿ, ಹೊಲಿಸಿ ಇದೇ ಕಪಾಟಿನಲ್ಲಿ ಇಡೋಣ ಎಂದು ಮೇಲ್ವಿಚಾರಕರನ್ನು ಕೇಳಿದೆ. “ಮಾಡ್ರಿ, ಆದ್ರ ಟೇಬಲ್ಲಿಗೆ ಅಂಟು ಹತ್ತಬಾರದು” ಅಂದರು. ಹನ್ನೊಂದು ಮಕ್ಕಳು ಸೇರಿದರು.

ಅಳತೆ ಸರಳ. ನಾಲ್ಕು ಎ4 ಹಾಳೆ, ನಡುವೆ ಒಂದು ಮಡಿಕೆ, ಹದಿನಾರು ಪುಟ. ಪ್ರೆಸ್ಸಿನಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ದೊಡ್ಡ ಹಾಳೆ, ಅಂದರೂ ಸಾಮಾನ್ಯವಾಗಿ ಹದಿನಾರೇ ಪುಟ. ಕಡಿಮೆಯಲ್ಲಿ ಕಥೆ ಮುಗಿದರೆ ಉಳಿದದ್ದಕ್ಕೆ ಚಿತ್ರ ತೆಗೀರಿ ಅಂದಿದ್ದೆ. ಆರನೇ ಪುಟಕ್ಕೇ ಕಥೆ ಮುಗಿಸಿದ ಒಬ್ಬ ಹುಡುಗ ಏಳರಿಂದ ಹದಿನಾರರವರೆಗೂ ಟ್ರ್ಯಾಕ್ಟರ್ ತೆಗೆದ. ಹತ್ತು ಟ್ರ್ಯಾಕ್ಟರ್, ಒಂದರಂತೆ ಇನ್ನೊಂದಿಲ್ಲ. ನನಗೆ ಆ ಪುಟಗಳೇ ಕಥೆಗಿಂತ ಮೇಲು ಅನ್ನಿಸಿದವು.

ಎರಡನೇ ವಾರ

ಸ್ಕೆಚ್ ಪೆನ್ ಬಂದ್ ಮಾಡಿದೆ. ನಾನು ತಂದದ್ದು 70 ಜಿಎಸ್‌ಎಂನ ತೆಳು ಕಾಗದ. ಮುಂದಿನ ಪುಟದ ಕೆಂಪು ಸೂರ್ಯ ಹಿಂದಿನ ಪುಟದ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟುತ್ತಿದ್ದ. ಕ್ರೇಯಾನ್ ಮತ್ತು ಬಣ್ಣದ ಪೆನ್ಸಿಲ್ ಹೀಗೆ ಇಳಿಯುವುದಿಲ್ಲ.

ಐದನೇತ್ತೆ ಹುಡುಗಿಯೊಬ್ಬಳು ಕೆರೆಯ ಬಾತುಗಳ ಬಗ್ಗೆ ಬರೆಯುತ್ತಿದ್ದಾಳೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಹಗಲು ಕೆರೆಯಲ್ಲಿ, ರಾತ್ರಿ ನಮ್ಮ ಹೊಲಗಳಲ್ಲಿ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ, ಸಿಕ್ಕಿತು. ಬೆಳೆ ಕಳಕೊಂಡ ರೈತ ಮಾತ್ರ ಇವತ್ತಿಗೂ ಅವನ್ನು ಬೈಯ್ಯುತ್ತಾನೆ. ಅವಳ ಕಥೆಯ ಜೀವ ಇರುವುದೇ ಅಲ್ಲಿ. ತಲೆಯ ಹಿಂದೆ ಮೂರು ಕರಿ ಪಟ್ಟೆ ತೆಗೆದಿದ್ದಳು. ಎರಡೇ ಎಂದೆ, ಕೇಳಲಿಲ್ಲ. ಈ ಬಿಸಿಲಲ್ಲಿ ತೋರಿಸಲು ಬಾತು ಎಲ್ಲಿಂದ ತರಲಿ? ಕೆರೆ ದಂಡೆಯ ಬೋರ್ಡಿನ ಚಿತ್ರದ ತನಕ ನಡೆದುಹೋಗಿ ಎಣಿಸಿ ಬಂದಳು. ಬಂದು ಏನೂ ಹೇಳದೆ ಒಂದು ಪಟ್ಟೆ ರಬ್ಬರಿನಿಂದ ಒರೆಸಿದಳು.

ಭಾಷೆಯ ಜಗಳ ಬಂದೇ ಬಂತು. ನೋಡಲು ಬಂದ ಗುರುಗಳೊಬ್ಬರು ‘ಐತಿ’ ಇದ್ದಲ್ಲೆಲ್ಲ ‘ಇದೆ’ ಮಾಡಿಸಿರಿ ಅಂದರು. ನನಗೆ ಮನಸ್ಸಿರಲಿಲ್ಲ, ಎದುರಾಡುವ ಧೈರ್ಯವೂ ಇರಲಿಲ್ಲ. ಬಗೆಹರಿಸಿದ್ದು ಅದೇ ಬಾತಿನ ಹುಡುಗಿ. “ಅಜ್ಜ ಬೈದಿದ್ದು ಅಜ್ಜ ಬೈದಂಗ ಇರ್ಲಿರಿ ಸರ್, ನಾ ಹೇಳಿದ್ದು ಪುಸ್ತಕದಾಂಗ ಬರೀತೀನಿ.” ಗುರುಗಳೂ ನಕ್ಕರು. ಈಗ ಹನ್ನೊಂದು ಪುಸ್ತಕಕ್ಕೂ ಅದೇ ಕಾಯಿದೆ. ಒತ್ತಕ್ಷರ, ಅಕಾರ–ಹಕಾರದ ತಪ್ಪನ್ನು ಪೆನ್ಸಿಲ್ ಡಮ್ಮಿಯಲ್ಲಿ, ಅಂದರೆ ಮೊದಲ ಕಚ್ಚಾ ಪ್ರತಿಯಲ್ಲಿ, ತಿದ್ದುತ್ತೇವೆ. ಬಣ್ಣ ಬಿದ್ದ ಮೇಲೆ ಯಾರೂ ಕೈ ಹಚ್ಚುವಂತಿಲ್ಲ.

ಮೂರನೇ ವಾರ, ಕೆಟ್ಟ ವಾರ

ಬಣ್ಣದ ಅಸಲು ಪ್ರತಿ ಮಕ್ಕಳ ಮನೆಗೆ, ಝೆರಾಕ್ಸ್ ಪ್ರತಿ ಗ್ರಂಥಾಲಯಕ್ಕೆ ಅಂತ ಮಾತಾಗಿತ್ತು. ಪೇಟೆಯಲ್ಲಿ ಎರಡೂ ಬದಿ ಝೆರಾಕ್ಸ್ ಮಾಡಿಸಿ ತಂದು ಮಡಚಿದರೆ ಒಂದು ಬಿಟ್ಟು ಒಂದು ಪುಟ ತಲೆಕೆಳಗು. ಅಡ್ಡ ಹಾಳೆಯನ್ನು ಗಿಡ್ಡ ಅಂಚಿನಿಂದ ಮಗುಚಬೇಕು. ಉದ್ದ ಅಂಚಿನಿಂದ ಮಗುಚಿದರೆ ಹೀಗಾಗುತ್ತದೆ. ಅಂಗಡಿಯ ಹುಡುಗನಿಗೆ ಹೇಳುವುದು ನನ್ನ ಕೆಲಸವಾಗಿತ್ತು, ಮರೆತೆ. ಎಂಟು ವರ್ಷ ಬೈಂಡಿಂಗ್ ಮಾಡಿದವನು! ನಲವತ್ತನಾಲ್ಕು ಹಾಳೆ ರದ್ದಿಗೆ.

ಅದೇ ರದ್ದಿಯಲ್ಲಿ ಇನ್ನೊಂದು ತಪ್ಪೂ ಕಂಡಿತು. ಬಾತಿನ ಹಳದಿ ಕೊಕ್ಕು, ಹಳದಿ ಕಾಲು ಝೆರಾಕ್ಸಿಗೆ ಹತ್ತಿರಲೇ ಇಲ್ಲ. ಕೊಕ್ಕಿಲ್ಲದ ಬಾತುಗಳು ಕಾಲಿಲ್ಲದೆ ನಿಂತಿದ್ದವು. ತಿಳಿ ನೀಲಿಯ ಕೆರೆಯೂ ಮಾಯ. ಎಲ್ಲ ಮಕ್ಕಳೂ ಕೂತು ಅಸಲು ಚಿತ್ರಗಳ ಅಂಚಿಗೆ ಕರಿ ಪೆನ್ನು ಎಳೆದು ಮತ್ತೆ ಝೆರಾಕ್ಸ್ ಮಾಡಿಸಿ, ಅದಕ್ಕೆ ಕೈಯಿಂದ ಬಣ್ಣ ತುಂಬಿದರು. ನಾಲ್ಕು ದಿನ ಹೋಯಿತು.

ಈ ನಡುವೆ ಟ್ರ್ಯಾಕ್ಟರ್ ಹುಡುಗ ತನ್ನ ಬಿಡಿ ಹಾಳೆಗಳನ್ನು ಫ್ಯಾನಿನ ಕೆಳಗಿಟ್ಟು ಹಾರಿಸಿಕೊಂಡ. ಜೋಡಿಸುತ್ತ ಜೋಡಿಸುತ್ತ ಕೂಗಿದ: “ಕಾಕಾ, ಎಲ್ಲಾದಕ್ಕೂ ಹದಿನೇಳ ಬರಾಕತ್ತೈತಿ!” ಹೌದು. ಒಂದು ಮೈಮೇಲೆ 16 ಮತ್ತು 1, ಅದರ ಹಿಂದೆ 2 ಮತ್ತು 15, ಮುಂದಿನ ಹಾಳೆಗೆ 14 ಮತ್ತು 3. ನಡು ಹಾಳೆಯ 8 ಮತ್ತು 9ರ ತನಕ ಯಾವ ಜೋಡಿ ಕೂಡಿಸಿದರೂ 17. ನನಗೆ ಇದನ್ನು ಉಸ್ತಾದರು ಹೇಳಿಕೊಟ್ಟಿದ್ದರು. ಇವನು ತಾನೇ ಹಿಡಿದ.

ನಾಲ್ಕನೇ ವಾರ

ಹೊಲಿಗೆ. ದಬ್ಬಣದಿಂದ ಮೂರು ತೂತು ಹಾಕಲು ಕೆಳಗೆ ಮೆತ್ತಗಿನದು ಬೇಕು. ನಾನು ಅಭ್ಯಾಸಬಲದಿಂದ ಹಳೇ ಹವಾಯಿ ಚಪ್ಪಲಿಯ ಅಟ್ಟೆ ಇಟ್ಟೆ. ಒಬ್ಬರೂ ಪುಸ್ತಕ ಇಡಲೊಲ್ಲರು. “ಸರಸ್ವತೀನ ಚಪ್ಪಲಿ ಮ್ಯಾಲ ಇಡ್ತಾರೇನ್ರಿ ಕಾಕಾ?” ತೊಳೆದು ತಂದೀನಿ ಅಂದರೂ ನಡೆಯಲಿಲ್ಲ. ಕೊನೆಗೆ ಟಿವಿ ಡಬ್ಬಿಯ ಥರ್ಮಾಕೋಲ್ ಬಂತು. ಒಳಗಿನಿಂದ ನಡು ತೂತಿಗೆ ಸೂಜಿ, ಹೊರಗಿನಿಂದ ಮೇಲಿನದಕ್ಕೆ, ಒಳಗೇ ಉದ್ದಕ್ಕೆ ಹಾಯ್ದು ಕೆಳಗಿನದಕ್ಕೆ, ಹೊರಗಿನಿಂದ ಮತ್ತೆ ನಡುವಿಗೆ, ಉದ್ದ ಎಳೆಯ ಆಚೆ ಈಚೆ ದಾರ ತಂದು ಗಂಟು. ಎರಡನೇ ಸಲಕ್ಕೆ ಹುಡುಗಿಯರ ಗಂಟು ನನ್ನದಕ್ಕಿಂತ ಬಿಗಿ.

ರಟ್ಟಿಗೆ ಹಳೇ ಲಗ್ನಪತ್ರಿಕೆ, ಬೆನ್ನಿಗೆ ದರ್ಜಿಯ ಅಂಗಡಿಯಿಂದ ತಂದ ಖಣದ ತುಂಡು, ಮೈದಾ ಅಂಟು. ಟ್ರ್ಯಾಕ್ಟರ್ ಪುಸ್ತಕದ ಮುಖಪುಟದಲ್ಲಿ ಪತ್ರಿಕೆಯ ಗಣಪತಿ ಹಾಗೇ ಉಳಿದಿದ್ದಾನೆ. ಹೊಸ ಗಾಡಿಗೆ ಪೂಜೆ ಮಾಡಬೇಕಲ್ಲ ಅನ್ನುತ್ತಾನೆ ಲೇಖಕ. ಟೇಬಲ್ಲಿಗೆ ಅಂಟು ಹತ್ತಿದೆ, ಮೇಲ್ವಿಚಾರಕರು ನೋಡಿಯೂ ಸುಮ್ಮನಿದ್ದಾರೆ.

ಇವತ್ತಿಗೆ

ಎಂಟು ಪುಸ್ತಕ ದಾಖಲೆ ರಿಜಿಸ್ಟರಿಗೆ ಏರಿವೆ, ಕ್ರಮಸಂಖ್ಯೆ ಸಮೇತ. ಬೆಲೆಯ ಕಾಲಮ್ಮಿನಲ್ಲಿ ‘ದಾನ’. ಪ್ರಕಾಶಕರು ಯಾರು ಎಂದು ಕೇಳಿದಾಗ ಮಕ್ಕಳು “ನಾವ” ಅಂದರು, ಅದನ್ನೇ ಬರೆದಾಯಿತು. ಉಳಿದ ಮೂರಕ್ಕೆ ಬೆನ್ನು ಕಟ್ಟಬೇಕು. ಒಂದಕ್ಕೆ ಕಥೆಯೇ ಮುಗಿದಿಲ್ಲ, ಅವಸರ ಮಾಡುವುದಿಲ್ಲ.

ಬಾತಿನ ಪುಸ್ತಕವನ್ನು ಮೊದಲು ಒಯ್ದದ್ದು ಅವಳ ಅಜ್ಜ, ಮೊಮ್ಮಗಳಿಂದಲೇ ಓದಿಸಿಕೊಳ್ಳಲು. ಮರುದಿನ ತಾವೇ ಬಂದರು. ಬೈಗುಳದ ಬಗ್ಗೆ ತಕರಾರಿಲ್ಲ. “ಅವು ತಿಂದಿದ್ದು ಶೇಂಗಾ ಅಲ್ರಿ, ಕಡ್ಲಿ. ಆಗ ಹೊಲದಾಗ ಶೇಂಗಾ ಎಲ್ಲಿತ್ತು?” ಐದು ಪುಟದ ತುಂಬ ಶೇಂಗಾ ಬಳ್ಳಿ ತೆಗೆದಿದ್ದಾಳೆ, ಬೇರಿನ ಸಮೇತ. ಹುಡುಗಿ ಪುಸ್ತಕ ಇಸಗೊಂಡು ಕಪಾಟಿನಲ್ಲಿ ಇಟ್ಟಳು.

“ಎರಡನೇ ಮುದ್ರಣದಾಗ ನೋಡೂಣು, ಅಜ್ಜಾ.”