ಮೂಡಿಗೆರೆಯ ತೋಟ, ಯುರೋಪಿನ ಷರತ್ತು

ಭಾರತದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಇಟಲಿ ನಮ್ಮ ದೊಡ್ಡ ಗಿರಾಕಿ. 1990ರ ದಶಕದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಿ, ಮಂಡಳಿಯೇ ಮಾರುತ್ತಿದ್ದ ಪೂಲಿಂಗ್ ವ್ಯವಸ್ಥೆ ಕೊನೆಗೊಂಡ ಮೇಲೆ ನಮ್ಮ ಮೂಡಿಗೆರೆ ಕಡೆಯ ಬೆಳೆಗಾರರೂ ಬೆಳಗಾದರೆ ಲಂಡನ್ ಮಾರುಕಟ್ಟೆಯ ರೊಬಸ್ಟಾ ತಳಿಯ ಕಾಫಿಯ ದರ ನೋಡುವಂತಾಯಿತು. ಈಗ ದರದ ಜೊತೆಗೆ ದಾಖಲೆಯೂ ಬೇಕು: ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ, 4 ಹೆಕ್ಟೇರ್ ಮೀರಿದ ತೋಟವಾದರೆ ಅದರ ಗಡಿಯನ್ನೇ ಅಕ್ಷಾಂಶ, ರೇಖಾಂಶಗಳಲ್ಲಿ ಗುರುತಿಸಿ ಕೊಡಬೇಕು. ಜಾರಿ ಮುಂದಕ್ಕೆ ಹೋಗಿದೆಯೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಹಲಸು, ಅತ್ತಿ, ಸಿಲ್ವರ್ ಓಕ್ ನೆರಳಿನಲ್ಲಿ ಬೆಳೆಯುವ ನಮ್ಮ ಕಾಫಿಗೆ ಈ ಷರತ್ತು ಅನುಕೂಲವೇ ಆದೀತು. ಆದರೆ ಅದನ್ನು ಸಾಬೀತುಪಡಿಸುವ ಖರ್ಚು, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಎರಡೆಕರೆಯ ಬೆಳೆಗಾರನಿಗೆ ಹೊರೆಯೇ ಸರಿ. ಸಣ್ಣವರು ಒಟ್ಟುಗೂಡಿ ನಕ್ಷೆ ಮಾಡಿಸಿಕೊಂಡು, ಕೊಲ್ಲಿ ರಾಷ್ಟ್ರಗಳಲ್ಲೂ ಗಿರಾಕಿಗಳನ್ನು ಹುಡುಕುವುದು ಲೇಸೆಂದು ನನಗನ್ನಿಸುತ್ತದೆ.