ಗ್ರಂಥಪಾಲಕರ ತರಗತಿ: ತೋರಿಸುವುದು ಕಡಿಮೆಯಾಗಲಿ, ಮಾಡಿಸುವುದು ಹೆಚ್ಚಲಿ

ಅಧ್ಯಾಪಕರಿಗೆ ಒಂದು ತರಗತಿಯ ಜೊತೆ ತಿಂಗಳುಗಟ್ಟಲೆ ಒಡನಾಟ ಇರುತ್ತದೆ. ಮಾಹಿತಿ ಹುಡುಕುವ ಬಗೆಯನ್ನು ಕಲಿಸಲು ಗ್ರಂಥಪಾಲಕರಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ಗಂಟೆ, ಅದೂ ಬೇರೆಯವರ ಪಿರಿಯಡ್‌ನಲ್ಲಿ, ಹೆಸರೂ ಗೊತ್ತಿಲ್ಲದ ವಿದ್ಯಾರ್ಥಿಗಳ ಮುಂದೆ. ಹಾಗಾಗಿ ಆ ಗಂಟೆಯೊಳಗೆ ಕ್ಯಾಟಲಾಗ್, ಲೇಖನ ಹುಡುಕುವ ಮೂರು ಡೇಟಾಬೇಸ್, ಉಲ್ಲೇಖ ಬರೆಯುವ ಕ್ರಮ, ಕೃತಿಚೌರ್ಯ, ಪುಸ್ತಕ ಎರವಲಿನ ನಿಯಮ ಎಲ್ಲವನ್ನೂ ತುರುಕಿಬಿಡುತ್ತಾರೆ. ಇವರು ಮತ್ತೆ ಸಿಗಲಿಕ್ಕಿಲ್ಲ ಎಂಬ ಕಾಳಜಿಯೇ ಇದಕ್ಕೆ ಕಾರಣ. ಆದರೆ ಹೊಸ ಸಂಗತಿಗಳನ್ನು ಒಮ್ಮೆಗೇ ಹಿಡಿದಿಟ್ಟುಕೊಳ್ಳುವ ಮನಸ್ಸಿನ ಶಕ್ತಿಗೆ ಮಿತಿ ಇದೆ. ಶಿಕ್ಷಣ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ಕಲಿಕೆಯ ಹೊರೆಯ ಸಿದ್ಧಾಂತದ ತಿರುಳೂ ಇದೇ. ಗ್ರಂಥಪಾಲಕರಿಗೆ ಪಾಠ ಮಾಡಲು ನೆರವಾಗುವವರು ಮೊದಲು ಕಲಿಸಬೇಕಾದದ್ದು ಏನನ್ನು ಬಿಡಬೇಕು ಎಂಬುದನ್ನು.

ಬರಿದೇ ‘ಕಡಿಮೆ ಮಾಡಿ’ ಎಂದರೆ ಯಾರೂ ಕಡಿಮೆ ಮಾಡುವುದಿಲ್ಲ. ಒಂದು ವಾಕ್ಯ ಬರೆಸಬೇಕು: ತರಗತಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಏನು ಮಾಡಬಲ್ಲವರಾಗಿರುತ್ತಾರೆ? ‘ಡೇಟಾಬೇಸ್ ಬಗ್ಗೆ ಅರಿವು ಮೂಡಿಸುವುದು’ ಎಂದು ಬರೆದರೆ ಸಾಲದು, ಅರಿವು ಮೂಡಿತೋ ಇಲ್ಲವೋ ನೋಡಲು ಬರುವುದಿಲ್ಲ. ‘ತಮ್ಮ ವಿಷಯವನ್ನು ಎರಡು ಮೂರು ಪರಿಕಲ್ಪನೆಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಎರಡು ಬದಲಿ ಪದ ಹುಡುಕಿ, ಉಪಯೋಗಕ್ಕೆ ಬರುವ ಒಂದು ಲೇಖನ ತೆಗೆಯುತ್ತಾರೆ’ ಎಂದು ಬರೆದರೆ ಅದನ್ನು ಕಾಗದದ ಮೇಲೆ ನೋಡಬಹುದು. ಆಮೇಲೆ, ಅದು ಆಯಿತೆಂದು ಯಾವುದರಿಂದ ಗೊತ್ತಾಗುತ್ತದೆ ಎಂದು ತೀರ್ಮಾನಿಸಿ. ಚಟುವಟಿಕೆ ಕಟ್ಟುವುದು ಕೊನೆಗೆ. ಸ್ಲೈಡ್‌ನಿಂದ ಶುರುಮಾಡಿದವರು ಈ ಕ್ರಮವನ್ನು ತಲೆಕೆಳಗು ಮಾಡಿರುತ್ತಾರೆ, ಅಲ್ಲೇ ಪಾಠ ಭಾರವಾಗುತ್ತದೆ. ಆ ವಾಕ್ಯಕ್ಕೆ ಹೊಂದದ್ದೆಲ್ಲ ಒಂದು ಪುಟದ ಕೈಪಿಡಿಗೆ ಹೋಗಲಿ.

ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2000ದಲ್ಲಿ ಮಾಹಿತಿ ಸಾಕ್ಷರತೆಯ, ಅಂದರೆ ಮಾಹಿತಿಯನ್ನು ಹುಡುಕಿ, ತೂಗಿ ನೋಡಿ ಬಳಸುವ ಸಾಮರ್ಥ್ಯದ, ಮಾನದಂಡಗಳನ್ನು ಒಪ್ಪಿಕೊಂಡಿತ್ತು. 2016ರಲ್ಲಿ ಅವನ್ನು ಕೈಬಿಟ್ಟು, ಆರು ಮೂಲ ಪರಿಕಲ್ಪನೆಗಳ ಚೌಕಟ್ಟನ್ನು ನೆಚ್ಚಿಕೊಂಡಿತು. ಹುಡುಕಾಟವೆಂದರೆ ಹೆಜ್ಜೆಹೆಜ್ಜೆಗೂ ತಿದ್ದಿಕೊಳ್ಳುವ ಅನ್ವೇಷಣೆ ಎಂಬುದು ಆ ಆರರಲ್ಲಿ ಒಂದು. ಈ ಚೌಕಟ್ಟು ಬಹಳ ಉಪಯುಕ್ತ. ಆದರೆ ಆರನ್ನೂ ಒಂದೇ ಗಂಟೆಯಲ್ಲಿ ಮುಟ್ಟಲು ಹೋದರೆ ಹಳೆಯ ತಪ್ಪೇ ಹೊಸ ಹೆಸರಿನಲ್ಲಿ ಮರುಕಳಿಸುತ್ತದೆ. ಒಂದನ್ನು ಆರಿಸಿಕೊಳ್ಳಿ.

ಕೀವರ್ಡ್, ಅಂದರೆ ಹುಡುಕಲು ಟೈಪ್ ಮಾಡುವ ಪದಗಳನ್ನು ಆರಿಸುವ ಪಾಠವನ್ನೇ ಹತ್ತಿರದಿಂದ ನೋಡೋಣ. ರೂಢಿಯಲ್ಲಿ ಗ್ರಂಥಪಾಲಕರು ಪ್ರೊಜೆಕ್ಟರ್ ಹಾಕಿ, ಮೊದಲೇ ಪರೀಕ್ಷಿಸಿಟ್ಟ ಹುಡುಕಾಟವೊಂದನ್ನು ತೋರಿಸುತ್ತಾರೆ. ಎಲ್ಲವೂ ಸಲೀಸಾಗಿ ಸಿಗುತ್ತದೆ, ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ. ತಮ್ಮ ಸರದಿ ಬಂದಾಗ ‘ಹದಿಹರೆಯದವರ ನಿದ್ರೆಯ ಮೇಲೆ ಮೊಬೈಲ್ ಬಳಕೆಯಿಂದ ಆಗುವ ಪರಿಣಾಮಗಳು’ ಎಂದು ಇಡೀ ಶೀರ್ಷಿಕೆಯನ್ನೇ ಟೈಪ್ ಮಾಡಿ ಸೋಲುತ್ತಾರೆ. ಈ ಸೋಲು ತರಗತಿಯ ಮೊದಲ ಐದು ನಿಮಿಷದಲ್ಲೇ ಆಗಿಬಿಡಲಿ. ಯಾವ ವಿವರಣೆಯೂ ಇಲ್ಲದೆ ಹುಡುಕಲು ಬಿಡಿ, ಎಷ್ಟು ಫಲಿತಾಂಶ ಬಂತು, ಮೊದಲ ಮೂರರಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ ಎಂದು ಬರೆಸಿ. ಆಮೇಲೆ ಹತ್ತು ನಿಮಿಷ ಕಂಪ್ಯೂಟರ್ ಬಿಟ್ಟು ಕಾಗದ: ಮೊಬೈಲ್, ನಿದ್ರೆ, ಹದಿಹರೆಯ ಎಂದು ಮೂರು ಕಂಬಸಾಲು, ಪ್ರತಿ ಸಾಲಿನಡಿ ಬದಲಿ ಪದಗಳು. ‘ಪರಿಣಾಮ’ದಂಥ ಪದಕ್ಕೆ ಸಾಲು ಬೇಡ, ಲೇಖಕರು ಅದನ್ನು ಹೇಳದೆಯೂ ಪರಿಣಾಮದ ಬಗ್ಗೆಯೇ ಬರೆದಿರುತ್ತಾರೆ. ಒಂದೇ ಸಾಲಿನ ಪದಗಳ ನಡುವೆ ‘ಆರ್’ (OR, ಯಾವುದಾದರೂ ಒಂದು ಇದ್ದರೆ ಸಾಕು), ಸಾಲು ಸಾಲುಗಳ ನಡುವೆ ‘ಆಂಡ್’ (AND, ಎಲ್ಲವೂ ಇರಬೇಕು), ಪ್ರತಿ ಸಾಲಿಗೂ ಆವರಣ ಚಿಹ್ನೆ. ಎಲ್ಲ ಬದಲಿ ಪದಗಳನ್ನೂ ‘ಆಂಡ್’ನಿಂದ ಜೋಡಿಸಿದರೆ ಫಲಿತಾಂಶ ಸೊನ್ನೆಗೆ ಇಳಿಯುತ್ತದೆ. ಆವರಣ ಮರೆತರೆ ಡೇಟಾಬೇಸ್ ತನಗೆ ತೋಚಿದ ಕ್ರಮದಲ್ಲಿ ಓದಿಕೊಂಡು ಸಂಬಂಧವಿಲ್ಲದ್ದನ್ನೆಲ್ಲ ಎಳೆದು ತರುತ್ತದೆ. ಇವೆರಡನ್ನೂ ಮುಂಚಿತವಾಗಿ ಎಚ್ಚರಿಸಬೇಡಿ. ಮಾಡಿ ನೋಡಿದ ಮೇಲೆ ‘ಯಾಕೆ ಹೀಗಾಯಿತು?’ ಎಂದು ಕೇಳಿ. ಮಿಕ್ಕ ಗಂಟೆಯಲ್ಲಿ ಇಪ್ಪತ್ತೈದು ನಿಮಿಷವಾದರೂ ತಮ್ಮ ತಮ್ಮ ವಿಷಯದ ಮೇಲೆ ಕೆಲಸ ಮಾಡಲು ಸಿಗಬೇಕು. ಗ್ರಂಥಪಾಲಕರು ಆಗ ಮೇಜುಗಳ ನಡುವೆ ಓಡಾಡಬೇಕು, ಮೌಸ್ ಮಾತ್ರ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು. ಮೌಸ್ ಕಸಿದುಕೊಂಡ ಕ್ಷಣ ಕಲಿಕೆ ನಿಲ್ಲುತ್ತದೆ. ರೆಫರೆನ್ಸ್ ಮೇಜಿನಲ್ಲಿ ಉತ್ತರ ಹುಡುಕಿಕೊಡುವುದೇ ವೃತ್ತಿಯಾಗಿರುವವರಿಗೆ ಕೈಕಟ್ಟಿ ನಿಲ್ಲುವುದು ನಿಜಕ್ಕೂ ಕಷ್ಟ.

ಪ್ರಶ್ನೆ ಕೇಳಿದ ಮೇಲಿನ ಮೌನವೂ ಅಷ್ಟೇ ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ ಹಾಗೆ, ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಕಾದು ಮುಂದೆ ಹೋಗುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿಬಿಡುತ್ತಾರೆ. ‘ಏನಾದರೂ ಡೌಟ್ ಇದೆಯಾ?’ ಎಂಬುದಕ್ಕೆ ಎಷ್ಟು ಕಾದರೂ ಉತ್ತರ ಬರದು, ಅದು ಕೇಳಬಾರದ ಪ್ರಶ್ನೆ. ‘ಈ ಎರಡು ಲೇಖನಗಳಲ್ಲಿ ನಿಮ್ಮ ಬರಹಕ್ಕೆ ಯಾವುದು ಆಗಿಬರುತ್ತದೆ, ಯಾಕೆ?’ ಎಂದು ಕೇಳಿ, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಉತ್ತರ ಪಡೆಯಬೇಕು.

ಇದನ್ನೆಲ್ಲ ಉಪನ್ಯಾಸದಲ್ಲಿ ಹೇಳಿದರೆ ಗ್ರಂಥಪಾಲಕರು ಒಪ್ಪಿ ಬರೆದುಕೊಳ್ಳುತ್ತಾರೆ, ತಮ್ಮ ತರಗತಿಗೆ ಹೋದಾಗ ಮತ್ತೆ ಸ್ಲೈಡ್ ತೆರೆಯುತ್ತಾರೆ. ಹೆಚ್ಚು ಫಲ ಕೊಡುವುದು ಸೂಕ್ಷ್ಮ ಬೋಧನೆ ಮತ್ತು ತರಗತಿ ವೀಕ್ಷಣೆ. ಮೊದಲನೆಯದರಲ್ಲಿ ನಾಲ್ಕೈದು ಸಹೋದ್ಯೋಗಿಗಳ ಮುಂದೆ ಏಳೆಂಟು ನಿಮಿಷ ಒಂದೇ ಅಂಶವನ್ನು ಪಾಠ ಮಾಡಿ, ಅಭಿಪ್ರಾಯ ಕೇಳಿ, ಅದೇ ಅಂಶವನ್ನು ತಿದ್ದಿ ಮತ್ತೆ ಮಾಡುವುದು. ಎರಡನೇ ಸಲ ಮಾಡುವುದರಲ್ಲೇ ಇದರ ಸತ್ವವಿದೆ, ಸಮಯವಿಲ್ಲವೆಂದು ಬಿಟ್ಟುಬಿಡುವುದೂ ಅದನ್ನೇ. ವೀಕ್ಷಣೆಗೆ ಮೊದಲು ಹದಿನೈದು ನಿಮಿಷ ಕೂತು, ‘ನಾನು ಏನನ್ನು ಗಮನಿಸಲಿ?’ ಎಂದು ಪಾಠ ಮಾಡುವವರನ್ನೇ ಕೇಳಬೇಕು. ಒಳಗೆ ಕೂತಾಗ ತೀರ್ಪು ಬರೆಯಬಾರದು, ಕಂಡದ್ದನ್ನು ಬರೆಯಬೇಕು: ಯಾವ ನಿಮಿಷದಲ್ಲಿ ಯಾರು ಮಾತಾಡುತ್ತಿದ್ದರು, ವಿದ್ಯಾರ್ಥಿಗಳ ಪರದೆಯ ಮೇಲೆ ಏನಿತ್ತು. ‘ಚೆನ್ನಾಗಿತ್ತು, ಸ್ವಲ್ಪ ವೇಗವಾಯಿತು’ ಎಂಬುದರಿಂದ ಯಾರೂ ಸುಧಾರಿಸುವುದಿಲ್ಲ. ‘ಮೊದಲ ಇಪ್ಪತ್ತೆರಡು ನಿಮಿಷ ವಿದ್ಯಾರ್ಥಿಗಳಿಗೆ ಮಾಡಲು ಏನೂ ಇರಲಿಲ್ಲ’ ಎಂಬ ಸಾಲು ಮುಂದಿನ ಪಾಠವನ್ನು ತಾನಾಗಿ ಬದಲಿಸುತ್ತದೆ. ಈ ಟಿಪ್ಪಣಿ ಬಡ್ತಿಯ ಕಡತಕ್ಕೆ ಹೋಗುವಂತಿದ್ದರೆ ಯಾರೂ ತಮ್ಮ ಕಷ್ಟದ ತರಗತಿಗೆ ಕರೆಯುವುದಿಲ್ಲ, ಸುಲಭದ್ದಕ್ಕೇ ಕರೆಯುತ್ತಾರೆ. ಆದ್ದರಿಂದ ಅದು ಪಾಠ ಮಾಡಿದವರ ಕೈಗಷ್ಟೇ ಹೋಗಬೇಕು.

ಅಧ್ಯಾಪಕರ ಜೊತೆಗಿನ ಮಾತುಕತೆಯನ್ನೂ ಅಭ್ಯಾಸ ಮಾಡಿಸಬೇಕು. ಅಸೈನ್‌ಮೆಂಟ್ ಕೊಡುವ ಮೊದಲೇ ತರಗತಿ ನಡೆದರೆ ಹುಡುಕಲು ಕಾರಣವೇ ಇರುವುದಿಲ್ಲ, ಸಲ್ಲಿಕೆಯ ಹಿಂದಿನ ದಿನ ನಡೆದರೆ ಬದಲಿಸಲು ವ್ಯವಧಾನವಿರುವುದಿಲ್ಲ. ವಿಷಯ ಆರಿಸಿಕೊಂಡು, ಬರೆಯಲು ಕೂರುವ ಮುನ್ನ ನಡೆಯಬೇಕು. ಅಸೈನ್‌ಮೆಂಟ್ ಹಾಳೆ ಒಂದು ವಾರ ಮೊದಲೇ ಗ್ರಂಥಪಾಲಕರ ಕೈಗೆ ಬರಬೇಕು.

ತರಗತಿಯ ಕೊನೆಯ ಐದು ನಿಮಿಷ ವಿದ್ಯಾರ್ಥಿಗಳು ಬರೆದುಕೊಡುವ ಚೀಟಿಗೆ ಮೀಸಲು: ಆರಿಸಿದ ಒಂದು ಲೇಖನ, ಅದನ್ನು ಆರಿಸಿದ್ದಕ್ಕೆ ಒಂದು ಕಾರಣ, ಇನ್ನೂ ಬಗೆಹರಿಯದ ಒಂದು ಗೊಂದಲ. ಚೀಟಿಗಳನ್ನು ಅದೇ ದಿನ ಮೂರು ಗುಂಪು ಮಾಡಿ: ಕಾರಣ ಸರಿಯಿದೆ, ಕಾರಣ ತೆಳುವಾಗಿದೆ, ಲೇಖನವೇ ಹೊಂದುವುದಿಲ್ಲ. ಮೂರನೇ ಗುಂಪು ದೊಡ್ಡದಿದ್ದರೆ ಕೀವರ್ಡ್ ಹಂತಕ್ಕೆ ಹೆಚ್ಚು ಸಮಯ ಬೇಕು, ಎರಡನೆಯದು ದೊಡ್ಡದಿದ್ದರೆ ಲೇಖನಗಳನ್ನು ಹೋಲಿಸಿ ನೋಡುವ ಚಟುವಟಿಕೆ ಸಾಲದಾಗಿದೆ. ಪದೇಪದೇ ಕಂಡ ಗೊಂದಲಕ್ಕೆ ಎರಡು ಸಾಲಿನ ಉತ್ತರ ಬರೆದು, ಮರುದಿನವೇ ಅಧ್ಯಾಪಕರ ಮೂಲಕ ಇಡೀ ತರಗತಿಗೆ ಕಳಿಸಿ.