ಗಿಡ್ಡ ತೋಪಿಗೆ ಜಾಲಿ ಮಣೆ

ರೋಣದ ಕಡೆಯ ಹಳ್ಳಿಯೊಂದರ ವಾಡೆಯಿಂದ ಅಕ್ಕಾರು ಬೆಟಗೇರಿಯ ನಮ್ಮ ಅಂಗಡಿಗೆ ಬಂದಾಗ ಅವರ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿದ ಕಬ್ಬಿಣದ ಮುದ್ದೆಯೊಂದಿತ್ತು. ಉದ್ದ 8 ಇಂಚು, ಬಾಯಿ ಎರಡೂಕಾಲು ಇಂಚು, ತೂಕ ಒಂಬತ್ತೂವರೆ ಕಿಲೋ. ಹಿಂಬದಿಯಲ್ಲಿ ಎರಡೂ ಪಕ್ಕಕ್ಕೆ ಚಾಚಿದ ದುಂಡನೆಯ ಗೂಟಗಳು. ನಾವು ಅವಕ್ಕೆ ಕಿವಿ ಎಂದು ಹೆಸರಿಟ್ಟುಕೊಂಡೆವು.

"ಇದಕ್ಕೊಂದು ಮಣಿ ಮಾಡಿಕೊಡ್ರಿ. ಗಾಳಿಗೆ ಬಾಗಿಲಾ ಬಡೀಬಾರದಂತ ಇದನ್ನ ಅಡ್ಡ ಇಟ್ಟಾರ್ರಿ. ನನಗ ನೋಡಾಕ ಆಗವಲ್ದು" ಅಂದರು. ಮಣಿ ಅಂದರೆ ಮಣೆ, ಅದು ಕೂರುವ ಕಟ್ಟಿಗೆಯ ಪೀಠ.

ಅವರ ಮನೆಯಲ್ಲಿ ಅದು ಗಿಡ್ಡ ತೋಪು. ಜಾತ್ರೆಗೆ, ಬನ್ನಿ ಹಬ್ಬಕ್ಕೆ ಕರಿಮದ್ದು ತುಂಬಿ ಹಾರಿಸುತ್ತಿದ್ದರಂತೆ. ಈಗಿನವರಿಗೆ ಸಿಕ್ಕಿದ್ದು ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಹಸನು ಮಾಡಿಸುವಾಗ, ತಳದ ಮಣ್ಣಿನಲ್ಲಿ. ಆಯುಧ ಒಪ್ಪಿಸಬೇಕೆಂಬ ಕಾನೂನಿಗೆ 1857ರಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ನಮ್ಮದೇ ಜಿಲ್ಲೆಯ ನರಗುಂದದಲ್ಲಿ ಅಲ್ಲಿಯ ಅರಸು ಬಾಬಾಸಾಹೇಬರು ಬ್ರಿಟಿಷರ ಮೇಲೆ ಎದ್ದರು. ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ದಿನಗಳಲ್ಲೇ ಯಾರೋ ಹಿರಿಯರು ಜೋಳದ ಕೆಳಗೆ ಇದನ್ನು ಮುಚ್ಚಿಟ್ಟಿರಬೇಕು ಎನ್ನುವುದು ಅಕ್ಕಾರ ಮಾತು. ಕಬ್ಬಿಣ ಉಳಿದಿತ್ತು. ಅದು ಕೂತಿದ್ದ ಕಟ್ಟಿಗೆ ಗೆದ್ದಲಿಗೆ ಹೋಯಿತೋ ಒಲೆಗೆ ಹೋಯಿತೋ.

ಅಳತೆಪಟ್ಟಿ ಹಿಡಿಯುವ ಮೊದಲು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದೆ. ಹಳೆಯದೆಂದು ಇದನ್ನು ಹಗುರಾಗಿ ಮುಟ್ಟಬಾರದು. ಒಣಗಿದ್ದರೆ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ತುಂಬಿದ ತೋಪಿಗೆ ಬೆಸುಗೆಯ ಕಿಡಿ ತಾಗಿದರೆ ಮುಗಿಯಿತು. ಅಕ್ಕಾರು ಠಾಣೆಗೆ ತಿಳಿಸಿದರು. ಅವರು ಕರೆಸಿದ ಮಂದಿ ನೋಡಿ, ಒಳಗೆ ಬರೀ ಮಣ್ಣೆಂದು ಹೇಳಿದ ಮೇಲೆ ಬತ್ತಿ ಕಿಂಡಿಯನ್ನು ಬೆಸುಗೆ ಹಾಕಿ ಮುಚ್ಚಿಸಿದೆವು. ಇನ್ನು ಅದು ಹಾರುವ ತೋಪಲ್ಲ. ಆದರೂ ಹಾರಿಸಿದರೆ ತಡೆಯುವಂಥ ಮಣೆಯನ್ನೇ ಮಾಡಬೇಕೆಂದು ನನಗೆ ಹಟ. ನಮ್ಮಪ್ಪ ಚಕ್ಕಡಿ ಮಾಡುತ್ತಿದ್ದವರು. ಹೇರು ಹೊರದ ಗಾಲಿಯನ್ನು ಚೆಂದಕ್ಕಾಗಿ ಮಾಡಿದ್ದನ್ನು ನಾನು ಕಂಡಿಲ್ಲ.

ಉದ್ದ ತೋಪಿಗೂ ಗಿಡ್ಡ ತೋಪಿಗೂ ಇರುವ ವ್ಯತ್ಯಾಸ ಕೂತಲ್ಲೇ ಇದೆ. ಉದ್ದನೆಯದಕ್ಕೆ ಕಿವಿ ನಡುವಿನ ಹತ್ತಿರ, ಕೆಳಗೆ ಗಾಲಿ. ಹಾರಿದಾಗ ಹಿಂದಕ್ಕೆ ಉರುಳಿ ಒದೆತವನ್ನು ಕಳೆದುಕೊಳ್ಳುತ್ತದೆ. ಗಿಡ್ಡದ್ದು ಬಾಯಿ ಮೇಲೆ ಮಾಡಿ ಕೂತಿರುತ್ತದೆ, ಒದೆತ ನೆಲದ ಕಡೆಗೇ ಇಳಿಯುತ್ತದೆ. ಗಾಲಿ ಇದ್ದರೆ ಅಚ್ಚೇ ಮುರಿದೀತು. ಅದಕ್ಕೇ ಇಂಥದಕ್ಕೆ ದಪ್ಪ ಕಟ್ಟಿಗೆಯ ದಿಮ್ಮಿ. ಹಾಲೆಂಡಿನ ಕೋಟೆ ಎಂಜಿನಿಯರ್ ಮೆನ್ನೋ ವಾನ್ ಕೂಹೊರ್ನ್ ಇಂಥ ಸಣ್ಣ ತೋಪುಗಳನ್ನು ರೂಪಿಸಿದ. ಕಟ್ಟಿಗೆಯ ಮಣೆಯ ಮೇಲೆ 45 ಡಿಗ್ರಿಗೆ ಕೂರಿಸಿ, ಎಷ್ಟು ದೂರ ಬೀಳಬೇಕೆಂಬುದನ್ನು ಮದ್ದಿನ ಅಳತೆಯಿಂದಲೇ ತೀರ್ಮಾನಿಸುತ್ತಿದ್ದರು. ಹಾಗಾಗಿ ಕೋನ ಮಣೆಯಲ್ಲೇ ಕೊರೆದಿರುತ್ತದೆ. ಬಡಿಗ್ಯಾ ತಪ್ಪಿದರೆ ಗುರಿ ತಪ್ಪಿತೆಂದೇ ಅರ್ಥ.

ಮಣೆ ಎಷ್ಟು ಭಾರ ಇರಬೇಕು? ಅದೇ ಕೂಹೊರ್ನನ ಹೆಸರಿನ, ಅಮೆರಿಕದ ಸೈನ್ಯ ಬಳಸಿದ 1841ರ ಮಾದರಿಯಲ್ಲಿ ಲೋಹ ಸುಮಾರು 74 ಕಿಲೋ, ಮಣೆ ಸುಮಾರು 60 ಕಿಲೋ. ಅಂದರೆ ಲೋಹದ 10 ಪಾಲಿಗೆ ಕಟ್ಟಿಗೆ 8 ಪಾಲು. ನಮ್ಮ ತೋಪಿಗೆ ಏಳೂವರೆ ಕಿಲೋ ಆಸುಪಾಸು ಬೇಕಾಯಿತು.

ಮೊದಲ ಸಲ ಕೆಟ್ಟಿತು. ಬಾಗಿಲ ಚೌಕಟ್ಟಿನಲ್ಲಿ ಉಳಿದಿದ್ದ ಒಳ್ಳೆಯ ಸಾಗವಾನಿ ತುಂಡು ಕೈಯಲ್ಲಿತ್ತು, 10 ಇಂಚು ಉದ್ದದ್ದು. ನೋಡಲು ಸರಿಯಾಗಿರಲೆಂದು ತೋಪನ್ನು ಹಿಂದಕ್ಕೆ ಸರಿಸಿ ಕೂರಿಸಿದೆ. ಕಿವಿಯ ಹಿಂದೆ ಉಳಿದದ್ದು ಎರಡೂವರೆ ಇಂಚು ಕಟ್ಟಿಗೆ. ಮುಗಿಸಿ, ತೋಪಿನ ಬಾಯಿಗೆ ಕಟ್ಟಿಗೆಯ ತುಂಡು ಇಟ್ಟು ದೊಡ್ಡ ಕೊಡತಿಯಿಂದ ಹೊಡೆದು ನೋಡಿದೆ. ನಾಲ್ಕನೆಯ ಪೆಟ್ಟಿಗೆ ಎಡಗಡೆ ಕಿವಿಯ ಹಿಂದಿನ ಭಾಗ ಎಳೆ ಹಿಡಿದು ಬಿಲ್ಲೆಯಂತೆ ಕಿತ್ತು ಬಂತು. ತೋಪು ಹಿಂದಕ್ಕೂ ಕೆಳಕ್ಕೂ ಒಟ್ಟಿಗೇ ತಳ್ಳುತ್ತದೆ. ಕೆಳಗಿನ ಒತ್ತನ್ನು ದಿಮ್ಮಿ ತಡೆಯುತ್ತದೆ. ಹಿಂದಿನ ಒತ್ತನ್ನು ತಡೆಯುವುದು ಕಿವಿಯ ಹಿಂದೆ ಉದ್ದಕ್ಕೆ ಹೋಗುವ ಎಳೆ ಮಾತ್ರ. ಅದನ್ನೇ ನಾನು ಗಿಡ್ಡ ಮಾಡಿದ್ದೆ. ಸಾಗವಾನಿ ಮೇಲಾಗಿ ಸೀಳುವ ಗುಣದ್ದು. ಬಾಗಿಲಿಗೆ ಅದಕ್ಕಿಂತ ಒಳ್ಳೆಯ ಕಟ್ಟಿಗೆ ಇಲ್ಲ, ಪೆಟ್ಟು ತಿನ್ನುವ ಕೆಲಸಕ್ಕೆ ಅದಲ್ಲ. ಎರಡು ದಿನ ಉಳಿ ಮುಟ್ಟಲು ಮನಸ್ಸಾಗಲಿಲ್ಲ.

ಮೂರನೆಯ ದಿನ ಅಪ್ಪನ ಕಾಲದ ಕರಿಜಾಲಿ ದಿಮ್ಮಿ ನೆನಪಾಯಿತು. ಗಾಲಿಯ ನಡುವಿನ ಗುಂಬಕ್ಕೆಂದು ತಂದದ್ದು. ಹುಳ ಬೀಳಬಾರದೆಂದು ತಿಂಗಳುಗಟ್ಟಲೆ ಕೆರೆ ನೀರಿನಲ್ಲಿ ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸಿ ಇಟ್ಟದ್ದು. ಚಕ್ಕಡಿ ಕೇಳುವವರು ಇಲ್ಲವಾದ ಮೇಲೆ ಅದು ಅಟ್ಟದ ಕೆಳಗೆ ಹಾಗೇ ಬಿದ್ದಿತ್ತು. ಎರೆಭೂಮಿಯ ಬದುವಿನಲ್ಲಿ ಬೆಳೆದ ಜಾಲಿಯ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಸೀಳಲು ಹೋದರೆ ಕೊಡಲಿಯನ್ನೇ ಹಿಡಿದುಕೊಳ್ಳುತ್ತದೆ. 14 ಇಂಚು ಉದ್ದ, 7 ಅಗಲ, 6 ಎತ್ತರಕ್ಕೆ ಕೊಯ್ಯುವಷ್ಟರಲ್ಲಿ ಗರಗಸಕ್ಕೆ ಎರಡು ಸಲ ಸಾಣೆ ಬೇಕಾಯಿತು. ಈ ಸಲ ಕಿವಿಯ ಗಾಡಿಯನ್ನು, ಅಂದರೆ ಕಿವಿ ಕೂರುವ ತೋಡನ್ನು, ಮುಂದಿನ ಅಂಚಿನಿಂದ 6 ಇಂಚಿಗೆ ಹಾಕಿದೆ. ಹಿಂದೆ ಏಳು ಇಂಚಿಗೂ ಮಿಕ್ಕಿ ಇಡೀ ಕಟ್ಟಿಗೆ.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಕಿವಿ ಕೂರಿಸುವುದು. ಎರಕ ಹೊಯ್ದವರ ಕೈ ಸ್ವಲ್ಪ ಓಡಿದ್ದರಿಂದ ಒಂದು ಕಿವಿ ಒಂದೂಕಾಲು ಇಂಚು, ಇನ್ನೊಂದು ಅದಕ್ಕಿಂತ ಕೂದಲೆಳೆ ಕಡಿಮೆ, ಅದೂ ತುಸು ಸೊಟ್ಟ. ಅಳತೆಪಟ್ಟಿ ನಂಬಿ ಕೊರೆದರೆ ಮೂರು ಕಡೆ ಮಾತ್ರ ತಾಗಿ ಉಳಿದದ್ದು ತೇಲುತ್ತದೆ, ಭಾರವೆಲ್ಲ ಆ ಮೂರು ಬಿಂದುವಿನ ಮೇಲೆ. ಅಪ್ಪ ಅಚ್ಚಿಗೆ ಗುಂಬ ಕೂರಿಸುತ್ತಿದ್ದ ಹಾಗೆಯೇ ಮಾಡಿದೆ. ಚಿಮಣಿ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಿವಿಗೆ ತೆಳ್ಳಗೆ ಸವರಿ, ತೋಪನ್ನು ಗಾಡಿಯಲ್ಲಿಟ್ಟು ಒಂದು ಸಲ ಒತ್ತಿ ಎತ್ತಿದರೆ ಎಲ್ಲಿ ತಾಗಿತೋ ಅಲ್ಲಿ ಕರಿ ಗುರುತು. ಆ ಗುರುತನ್ನಷ್ಟೇ ಗೋಲು ಉಳಿಯಿಂದ ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಮೊದಲು ಮೂರು ಚುಕ್ಕೆ, ಆಮೇಲೆ ಎಂಟು, ಸಂಜೆ ಹೊತ್ತಿಗೆ ಗಾಡಿಯ ತುಂಬ ನಸುಗಪ್ಪು. ಒಂಬತ್ತೂವರೆ ಕಿಲೋ ಎತ್ತಿ ಇಳಿಸಿ ನಾಲ್ವತ್ತು ಸಲ ಆಗಿರಬೇಕು. ಮಗ ಗ್ರೈಂಡರ್ ಹಿಡಿಯೋಣವೆಂದ, ಬೇಡವೆಂದೆ. ಅರ್ಧ ಕಿವಿ ಕಟ್ಟಿಗೆಯೊಳಗೆ, ಅರ್ಧ ಮೇಲೆ. ಅದಕ್ಕಿಂತ ಆಳಕ್ಕೆ ಹೋದರೆ ಕೆನ್ನೆ, ಅಂದರೆ ಕಿವಿಯನ್ನು ಹೊರುವ ಪಕ್ಕದ ಕಟ್ಟಿಗೆ, ಸಣ್ಣದಾಗುತ್ತದೆ.

ಮುಂದಿನ ಇಳಿಜಾರಿಗೆ ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ 45 ಸಿಕ್ಕಿತು. ತೋಪು ಇಟ್ಟ ಮೇಲೆ ತೂಗುಗುಂಡು ಬಿಟ್ಟು ಇನ್ನೊಮ್ಮೆ ನೋಡಿದೆ. ತಳದ ನಡುವನ್ನು ಕಾಲಿಂಚು ಒಳಗೆ ತೆಗೆದೆ. ನಡು ಉಬ್ಬಿದ್ದರೆ ಮಣೆ ಬುಗುರಿಯಂತೆ ತಿರುಗುತ್ತದೆ.

ಕಿವಿಯ ಮೇಲಿನ ಪಟ್ಟಿಗಳನ್ನು ನಮ್ಮ ಓಣಿಯ ಕಂಬಾರಣ್ಣ ಹಳೆಯ ಚಕ್ಕಡಿ ಗಾಲಿಯ ಹಳಿಯಿಂದ ಬಡಿದು ಬಗ್ಗಿಸಿಕೊಟ್ಟ. ಪಟ್ಟಿ ಕಿವಿಯನ್ನು ಹಿಚುಕಬಾರದು, ಒಂದು ಪೋಸ್ಟ್ ಕಾರ್ಡ್ ನುಸುಳುವಷ್ಟು ಸಂದು ಇರಬೇಕು. ಸ್ಕ್ರೂ ಹಾಕಲಿಲ್ಲ. ಎಳೆಯಲ್ಲಿ ಹಿಡಿದ ಸ್ಕ್ರೂ ಇಂದಲ್ಲ ನಾಳೆ ಸಡಿಲಾಗುತ್ತದೆ. ತಳದಿಂದ ಮೇಲಿನವರೆಗೆ ಆರಪಾರ ಬೋಲ್ಟು, ಕೆಳಗೆ ಅಗಲ ವೈಸರು.

ಅಗಸಿ ಎಣ್ಣೆ ಐದು ಸಲ, ಪ್ರತಿ ಸಲಕ್ಕೂ ಮೂರು ದಿನ ಬಿಡುವು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಬಿಡಿಸಿ ಒಣಹಾಕಿ. ಜಾಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಕರಿ ಕಲೆ ಹತ್ತುತ್ತದೆ. ಕಿವಿಯ ಗಾಡಿಗೆ ಮಾತ್ರ ಜೇನುಮೇಣ ಕರಗಿಸಿ ಹಚ್ಚಿದೆ.

ಆಮೇಲೆ ಅದೇ ಕೊಡತಿ ಎತ್ತಿಕೊಂಡೆ. ನಾಲ್ಕಲ್ಲ, ಇಪ್ಪತ್ತು ಪೆಟ್ಟು ಹಾಕಿದೆ. ಜಾಲಿ ಮಿಸುಕಲಿಲ್ಲ.

ಮಣೆ ಪಟ್ಟಿ ಬೋಲ್ಟು ಸೇರಿ 7 ಕಿಲೋ ಆಯಿತು. ತೋಪು ಕೂಡಿದರೆ ಹದಿನಾರೂವರೆ. ಎತ್ತಲು ಎರಡೂ ಪಕ್ಕ ನಾರಿನ ಹಗ್ಗದ ಹಿಡಿಕೆ ಹಾಕಿಕೊಟ್ಟೆ. ವಾಡೆಗೆ ಒಯ್ದ ದಿನ ಪಡಸಾಲೆಯಲ್ಲಿ ಇಡುವ ಮೊದಲು ಅಕ್ಕಾರಿಗೆ ಹೇಳಿದೆ: "ನೆಲಾ ಒರಸೂ ಮುಂದ ಇದನ್ನ ಎತ್ತಿಟ್ಟು ಒರಸ್ರಿ ಅಕ್ಕಾರ. ತಳಕ್ಕ ನೀರು ಕುಡಸಬ್ಯಾಡ್ರಿ."

"ಈಗ ಎತ್ತಿ ನೋಡೂಣು ಬಾರವಾ" ಎಂದು ಸೊಸೆಯನ್ನು ಕರೆದರು. ಇಬ್ಬರೂ ಒಂದೊಂದು ಹಿಡಿಕೆ ಹಿಡಿದು, ತೂಗಾಡಿಸದೆ, ದೇವರ ಕೋಣೆಯ ಎದುರಿನ ಶಹಾಬಾದ ಕಲ್ಲಿನ ತನಕ ನಡೆದು ಇಳಿಸಿದರು. ಹಳೆಯ ಜಾಗದಲ್ಲಿ, ಬಾಗಿಲಿಗೆ ಅಡ್ಡ, ಒಂದು ಇಟ್ಟಿಗೆ ಇಟ್ಟರು.